ಕ್ಯಾನ್ಸರ್ ಕ್ಲಿನಿಕಲ್ ಟ್ರಯಲ್‌ಗೆ ಸೇರುವ ಮುನ್ನ, ಸೇರಿದ ಮೇಲೆ: ರೋಗಿಗೂ ಮನೆಯವರಿಗೂ ಒಂದು ಮಾರ್ಗದರ್ಶಿ

ಕ್ಯಾನ್ಸರ್ ತಜ್ಞರು ತಪಾಸಣೆಯ ನಡುವೆ "ನಿಮಗೆ ಹೊಂದಬಹುದಾದ ಒಂದು ಟ್ರಯಲ್ ಇಲ್ಲಿ ನಡೆಯುತ್ತಿದೆ, ಯೋಚಿಸಿ ನೋಡಿ" ಎಂದರೆ, ಆ ಕ್ಷಣದಲ್ಲೇ ಹೂಂ ಅಥವಾ ಊಹೂಂ ಎನ್ನಬೇಕಾದ ಅಗತ್ಯವಿಲ್ಲ. ಅಂದು ಸಂಜೆ ಮನೆಯಲ್ಲಿ ಮಾತು ಎರಡು ದಿಕ್ಕಿಗೆ ಎಳೆದಾಡುತ್ತದೆ: ಒಬ್ಬರಿಗೆ "ನಮ್ಮ ಮೇಲೆ ಔಷಧ ಪರೀಕ್ಷೆ ಮಾಡುತ್ತಾರಂತೆ" ಎಂಬ ಭಯ, ಇನ್ನೊಬ್ಬರಿಗೆ "ಲಕ್ಷಗಟ್ಟಲೆ ಬೆಲೆಯ ಹೊಸ ಔಷಧ ಪುಕ್ಕಟೆಯಾಗಿ ಸಿಗುತ್ತದಂತೆ" ಎಂಬ ಆಸೆ. ಎರಡೂ ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕ್ಲಿನಿಕಲ್ ಟ್ರಯಲ್ ಮೊದಲನೆಯದಾಗಿ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಸಂಶೋಧನೆ. ನಿಮ್ಮ ಚಿಕಿತ್ಸೆ ಅದರ ಚೌಕಟ್ಟಿನೊಳಗೆ ನಡೆಯುತ್ತದೆ. ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ, ಯಾವ ಔಷಧ ಸಿಗಬೇಕೆಂಬುದನ್ನು ವೈದ್ಯರೇ ಏಕೆ ಆರಿಸುವುದಿಲ್ಲ, ಒಂದೇ ದಿನ ನಾಲ್ಕೈದು ಸಲ ರಕ್ತ ಏಕೆ ತೆಗೆಯುತ್ತಾರೆ, ಖಾಲಿಯಾದ ಮಾತ್ರೆಯ ಹಾಳೆಯನ್ನೂ ಏಕೆ ವಾಪಸ್ ಕೇಳುತ್ತಾರೆ ಎಂಬುದೆಲ್ಲ ಅರ್ಥವಾಗುತ್ತದೆ.

ಮೊದಲ ಹೆಜ್ಜೆ: ಟ್ರಯಲ್‌ನ ಪ್ರಶ್ನೆ ಏನೆಂದು ಕೇಳಿ

ವೈದ್ಯರನ್ನು ನೇರವಾಗಿ ಕೇಳಿ: "ಈ ಟ್ರಯಲ್‌ನಿಂದ ನೀವು ಏನನ್ನು ತಿಳಿಯಬೇಕೆಂದಿದ್ದೀರಿ? ಇದು ಎಷ್ಟನೆಯ ಹಂತದ್ದು?" ಮೊದಲ ಹಂತದ ಟ್ರಯಲ್‌ನಲ್ಲಿ ಔಷಧ ಎಷ್ಟು ಪ್ರಮಾಣದವರೆಗೆ ಸುರಕ್ಷಿತ ಎಂಬುದೇ ಮುಖ್ಯ ಪ್ರಶ್ನೆ. ಬೇರೆ ಕಾಯಿಲೆಗಳ ಔಷಧಗಳನ್ನು ಈ ಹಂತದಲ್ಲಿ ಆರೋಗ್ಯವಂತ ಸ್ವಯಂಸೇವಕರಿಗೆ ಕೊಡುವುದು ವಾಡಿಕೆ. ಕ್ಯಾನ್ಸರ್ ಔಷಧಗಳು ಸಾಮಾನ್ಯವಾಗಿ ತೀಕ್ಷ್ಣವಾಗಿರುವುದರಿಂದ ಮೊದಲ ಹಂತದಲ್ಲೂ ರೋಗಿಗಳೇ, ಅದರಲ್ಲೂ ಲಭ್ಯವಿರುವ ಚಿಕಿತ್ಸೆಗಳು ಮುಗಿದವರೇ, ಹೆಚ್ಚಾಗಿ ಇರುತ್ತಾರೆ. ಸಣ್ಣ ಪ್ರಮಾಣದಿಂದ ಆರಂಭಿಸಿ, ಕೆಲವೇ ಮಂದಿಯ ಗುಂಪಿನಿಂದ ಗುಂಪಿಗೆ ಪ್ರಮಾಣ ಏರಿಸುತ್ತಾ ಹೋಗುತ್ತಾರೆ. ಇಲ್ಲಿ ನಿಮಗೆ ಲಾಭವಾಗಬಹುದು, ಆದರೆ ಲಾಭದ ಭರವಸೆಯ ಮೇಲೆ ಈ ಹಂತಕ್ಕೆ ಸೇರುವುದು ಸರಿಯಲ್ಲ. ಎರಡನೆಯ ಹಂತದಲ್ಲಿ ಔಷಧ ನಿರ್ದಿಷ್ಟ ಕ್ಯಾನ್ಸರಿನ ಮೇಲೆ ಕೆಲಸ ಮಾಡುತ್ತದೆಯೇ ಎಂದು ನೋಡುತ್ತಾರೆ. ಮೂರನೆಯ ಹಂತದಲ್ಲಿ ಹೊಸದನ್ನು ಈಗ ಬಳಕೆಯಲ್ಲಿರುವ ಅತ್ಯುತ್ತಮ ಚಿಕಿತ್ಸೆಯ ಎದುರು ಹೋಲಿಸುತ್ತಾರೆ. ನಾಲ್ಕನೆಯದು ಔಷಧ ಮಾರುಕಟ್ಟೆಗೆ ಬಂದ ನಂತರದ ನಿಗಾ.

ಟ್ರಯಲ್ ಎಂದರೆ ಹೊಸ ಔಷಧವೇ ಎಂದೇನಿಲ್ಲ. ನಮ್ಮ ದೇಶದಲ್ಲಿ ತಂಬಾಕಿನ ದೆಸೆಯಿಂದ ಬಾಯಿಯ ಕ್ಯಾನ್ಸರ್ ವಿಪರೀತವಾಗಿದೆ. ಆರಂಭಿಕ ಹಂತದ ಬಾಯಿ ಕ್ಯಾನ್ಸರಿನಲ್ಲಿ ಬಾಯಿಯ ಗಡ್ಡೆಯ ಜೊತೆಗೇ ಕುತ್ತಿಗೆಯ ಗ್ರಂಥಿಗಳನ್ನೂ ತೆಗೆಯಬೇಕೋ, ಅಲ್ಲಿಗೆ ಹರಡಿದ್ದು ಕಂಡ ಮೇಲೆ ತೆಗೆದರೆ ಸಾಕೋ ಎಂಬ ವಾದ ದಶಕಗಳ ಕಾಲ ಬಗೆಹರಿದಿರಲಿಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟ್ರಯಲ್ 2015ರಲ್ಲಿ ಉತ್ತರ ಕೊಟ್ಟಿತು: ಮೊದಲೇ ತೆಗೆಸಿಕೊಂಡವರಲ್ಲಿ ಮೂರು ವರ್ಷಗಳ ನಂತರ 80%, ಕಾದು ತೆಗೆಸಿಕೊಂಡವರಲ್ಲಿ 67.5% ಮಂದಿ ಬದುಕಿದ್ದರು. ಅದೇ ಆಸ್ಪತ್ರೆ 2023ರಲ್ಲಿ ಪ್ರಕಟಿಸಿದ ಇನ್ನೊಂದು ಟ್ರಯಲ್‌ನಲ್ಲಿ, ಮುಂದುವರಿದ ತಲೆ ಮತ್ತು ಕುತ್ತಿಗೆ ಕ್ಯಾನ್ಸರಿನ 151 ರೋಗಿಗಳು ಭಾಗವಹಿಸಿದ್ದರು. ಅವರ ಚಿಕಿತ್ಸೆಗೆ ನಿವೊಲುಮಾಬ್ ಎಂಬ ದುಬಾರಿ ಔಷಧವನ್ನು ಮೂರು ವಾರಗಳಿಗೊಮ್ಮೆ ಕೇವಲ 20 ಮಿಲಿಗ್ರಾಂ ಸೇರಿಸಿದಾಗ, ಒಂದು ವರ್ಷ ಬದುಕುಳಿದವರ ಪ್ರಮಾಣ 16.3%ರಿಂದ 43.4%ಕ್ಕೆ ಏರಿತು. ಔಷಧ ಕಂಪನಿಗಳು ಕೇಳಲು ಆಸಕ್ತಿ ತೋರದ, ಆದರೆ ನಮ್ಮ ರೋಗಿಗಳಿಗೆ ತೀರಾ ಬೇಕಾದ ಇಂಥ ಪ್ರಶ್ನೆಗಳನ್ನು ಆಸ್ಪತ್ರೆಗಳೇ ಕೈಗೆತ್ತಿಕೊಳ್ಳುವುದನ್ನು ಶೈಕ್ಷಣಿಕ ಟ್ರಯಲ್ ಎನ್ನುತ್ತಾರೆ. ನಿಮ್ಮ ಮುಂದಿರುವುದು ಕಂಪನಿಯದ್ದೋ ಶೈಕ್ಷಣಿಕವೋ ಎಂಬುದನ್ನು ತಿಳಿದುಕೊಳ್ಳಿ. ಖರ್ಚು ಮತ್ತು ಪರಿಹಾರದ ವಿಷಯ ಬಂದಾಗ ಈ ವ್ಯತ್ಯಾಸ ಮುಖ್ಯವಾಗುತ್ತದೆ.

ಎರಡನೆಯ ಹೆಜ್ಜೆ: ನೋಂದಣಿ ಮತ್ತು ಅನುಮತಿ ಪರಿಶೀಲಿಸಿ

ಭಾರತದಲ್ಲಿ ನಡೆಯುವ ಟ್ರಯಲ್‌ಗಳು ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಸಿಟಿಆರ್‌ಐ ಎಂದು ಕರೆಯುವ ರಾಷ್ಟ್ರೀಯ ನೋಂದಣಿಯಲ್ಲಿ ದಾಖಲಾಗಬೇಕು. 2007ರಲ್ಲಿ ಆರಂಭವಾದ ಈ ನೋಂದಣಿ 2009ರ ಜೂನ್‌ನಿಂದ ಕಡ್ಡಾಯವಾಗಿದೆ. ನೋಂದಣಿ ಸಂಖ್ಯೆಯನ್ನು ಸಂಶೋಧನಾ ಸಂಯೋಜಕರಿಂದ ಕೇಳಿ ಪಡೆದು ಸಿಟಿಆರ್‌ಐ ಜಾಲತಾಣದಲ್ಲಿ ಹುಡುಕಿದರೆ, ಟ್ರಯಲ್‌ನ ಉದ್ದೇಶ, ಪ್ರಾಯೋಜಕರು (ಟ್ರಯಲ್ ನಡೆಸುವ ಹೊಣೆ ಹೊತ್ತ ಕಂಪನಿ ಅಥವಾ ಸಂಸ್ಥೆ), ಎಲ್ಲೆಲ್ಲಿ ನಡೆಯುತ್ತಿದೆ, ಯಾರು ಅರ್ಹರು ಎಂಬುದೆಲ್ಲ ಉಚಿತವಾಗಿ ನೋಡಲು ಸಿಗುತ್ತದೆ. ಮಾಹಿತಿ ಇಂಗ್ಲಿಷ್‌ನಲ್ಲಿರುವುದರಿಂದ ಮನೆಯಲ್ಲಿ ಕಾಲೇಜು ಓದುತ್ತಿರುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೆ ವಹಿಸಬಹುದು. ನಿಮ್ಮ ಜಿಲ್ಲೆಗೆ ಹತ್ತಿರದ ಇನ್ನೊಂದು ಕೇಂದ್ರದಲ್ಲೂ ಅದೇ ಟ್ರಯಲ್ ಇದ್ದರೆ ಅದೂ ಅಲ್ಲೇ ಗೊತ್ತಾಗುತ್ತದೆ. ಬೆಂಗಳೂರಿಗೆ ತಿಂಗಳಿಗೆರಡು ಸಲ ಬರುವ ಬದಲು ಮಂಗಳೂರಿಗೋ ಹುಬ್ಬಳ್ಳಿಗೋ ಹೋದರೆ ಸಾಕಾಗಬಹುದು.

ಇನ್ನೊಂದು ಕಾವಲು, ರೋಗಿಗಳ ಹಕ್ಕು ಮತ್ತು ಸುರಕ್ಷತೆ ನೋಡಿ ಟ್ರಯಲ್ ನಡೆಸಲು ಒಪ್ಪಿಗೆ ಕೊಡುವ ಎಥಿಕ್ಸ್ ಕಮಿಟಿಯದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಈ ಸಮಿತಿಯಲ್ಲಿ ಕನಿಷ್ಠ ಏಳು ಸದಸ್ಯರಿರಬೇಕು, ಅವರಲ್ಲಿ ಅರ್ಧದಷ್ಟಾದರೂ ಆ ಆಸ್ಪತ್ರೆಗೆ ಸೇರದವರಾಗಿರಬೇಕು, ಒಬ್ಬ ಮಹಿಳೆ, ಒಬ್ಬ ಕಾನೂನು ಬಲ್ಲವರು ಮತ್ತು ವೈದ್ಯಕೀಯಕ್ಕೆ ಸಂಬಂಧವಿಲ್ಲದ ಒಬ್ಬ ಸಾಮಾನ್ಯ ವ್ಯಕ್ತಿ ಇರಲೇಬೇಕು. ನಿಮಗೆ ಕೊಡುವ ಮಾಹಿತಿ ಪತ್ರದ ಕೊನೆಯಲ್ಲಿ ಈ ಸಮಿತಿಯನ್ನು ಸಂಪರ್ಕಿಸುವ ವಿವರ ಇರುತ್ತದೆ. ಇಲ್ಲದಿದ್ದರೆ ಕೇಳಿ. ಕೇಳಿದ್ದಕ್ಕೆ ಯಾರಾದರೂ ಬೇಸರಪಟ್ಟುಕೊಂಡರೆ, ಆ ಟ್ರಯಲ್‌ಗೆ ಸೇರುವ ಬಗ್ಗೆ ಇನ್ನೊಮ್ಮೆ ಯೋಚಿಸಿ.

ಮೂರನೆಯ ಹೆಜ್ಜೆ: ಒಪ್ಪಿಗೆ ಪತ್ರ

ಇಡೀ ಪ್ರಕ್ರಿಯೆಯಲ್ಲಿ ನೀವು ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ನಿಮ್ಮ ಕೈಗೆ ಎರಡು ಕಾಗದಗಳು ಬರುತ್ತವೆ: ಒಂದು, ಟ್ರಯಲ್‌ನ ವಿವರಗಳಿರುವ, ಹಲವು ಪುಟಗಳ ಮಾಹಿತಿ ಪತ್ರ, ಇನ್ನೊಂದು, ಸಹಿ ಹಾಕಬೇಕಾದ ಒಪ್ಪಿಗೆ ನಮೂನೆ. ಎರಡೂ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ ಪ್ರತಿ ಬೇಕೆಂದು ಕೇಳುವುದು ನಿಮ್ಮ ಹಕ್ಕು. ಅನುವಾದ ಕೆಲವೊಮ್ಮೆ ಇಂಗ್ಲಿಷಿಗಿಂತ ಕಠಿಣವಾಗಿರುತ್ತದೆ ಎಂಬುದೂ ನಿಜವೇ. ಆಗ ಪತ್ರ ಪಕ್ಕಕ್ಕಿಟ್ಟು, "ನಿಮ್ಮ ಮಾತಿನಲ್ಲೇ ಹೇಳಿ" ಎಂದು ವೈದ್ಯರನ್ನು ಕೇಳಿ. ಪತ್ರವನ್ನು ಮನೆಗೆ ಒಯ್ದು, ಎರಡು ದಿನ ಇಟ್ಟುಕೊಂಡು, ನಿಮ್ಮೂರಿನ ವೈದ್ಯರಿಗೂ ತೋರಿಸಿ ಬರಬಹುದು. ಓದು ಬಾರದವರಿಗೆ, ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರ ಎದುರಿನಲ್ಲಿ ಎಲ್ಲವನ್ನೂ ಓದಿ ಹೇಳಬೇಕು, ಆ ಸಾಕ್ಷಿಯೂ ಸಹಿ ಹಾಕಬೇಕು.

ಒಪ್ಪಿಗೆ ನಮೂನೆಯಲ್ಲಿ ಹೆಸರು, ವಯಸ್ಸು, ವಿಳಾಸಗಳ ಜೊತೆಗೆ ವಿದ್ಯಾರ್ಹತೆ, ಉದ್ಯೋಗ, ವಾರ್ಷಿಕ ಆದಾಯ ಮತ್ತು ನಾಮಿನಿಯ ಹೆಸರನ್ನೂ ಬರೆಯಬೇಕಾಗುತ್ತದೆ. ನಾಮಿನಿ ಎಂಬ ಸಾಲು ಕಂಡೊಡನೆ ಅನೇಕ ಮನೆಯವರ ಎದೆ ಧಸಕ್ಕೆನ್ನುತ್ತದೆ. ಟ್ರಯಲ್‌ನ ಕಾರಣದಿಂದಲೇ ಸಾವು ಸಂಭವಿಸಿದರೆ ಪರಿಹಾರ ಯಾರಿಗೆ ಸಲ್ಲಬೇಕೆಂಬುದನ್ನು ದಾಖಲಿಸಲು ಕಾನೂನೇ ಈ ಸಾಲನ್ನು ಸೇರಿಸಿದೆ. ಅದು ನಿಮ್ಮ ಕಾಯಿಲೆಯ ಬಗ್ಗೆ ವೈದ್ಯರ ಅಂದಾಜಲ್ಲ. ಕೆಳಗೆ ಕೆಲವು ವಾಕ್ಯಗಳಿದ್ದು, ಪ್ರತಿಯೊಂದರ ಎದುರಿನ ಚೌಕದಲ್ಲಿ ನೀವು ನಿಮ್ಮ ಕಿರುಸಹಿ ಹಾಕಬೇಕು: ಮಾಹಿತಿ ಓದಿ ಪ್ರಶ್ನೆ ಕೇಳಿದ್ದೇನೆ, ಸ್ವಇಚ್ಛೆಯಿಂದ ಸೇರುತ್ತಿದ್ದೇನೆ, ಯಾವಾಗ ಬೇಕಾದರೂ ಕಾರಣ ಹೇಳದೆ ಹೊರಬರಬಹುದು, ಪ್ರಾಯೋಜಕರು, ಎಥಿಕ್ಸ್ ಕಮಿಟಿ ಮತ್ತು ಸರ್ಕಾರದ ಅಧಿಕಾರಿಗಳು ನನ್ನ ವೈದ್ಯಕೀಯ ದಾಖಲೆ ನೋಡಬಹುದು, ಆದರೆ ನನ್ನ ಗುರುತು ಹೊರಗೆ ಹೋಗುವುದಿಲ್ಲ, ಫಲಿತಾಂಶದ ಬಳಕೆಗೆ ತಡೆ ಒಡ್ಡುವುದಿಲ್ಲ, ಭಾಗವಹಿಸಲು ಒಪ್ಪಿದ್ದೇನೆ. ಒಂದೊಂದನ್ನೂ ಓದಿಯೇ ಚೌಕ ತುಂಬಿ. "ಎಲ್ಲ ಕಡೆ ಸಹಿ ಹಾಕಿಬಿಡಿ, ಆಮೇಲೆ ಹೇಳುತ್ತೇವೆ" ಎಂಬ ಅವಸರಕ್ಕೆ ಒಳಗಾಗಬೇಡಿ. ಸಹಿಯಾದ ಪ್ರತಿಯೊಂದನ್ನು ನಿಮಗೆ ಕೊಡಬೇಕಾದದ್ದು ನಿಯಮ.

ಹೊಸ ಅಣುವಿನ ಔಷಧದ ಟ್ರಯಲ್‌ಗೆ, ದುರ್ಬಲ ಸ್ಥಿತಿಯಲ್ಲಿರುವವರೆಂದು ನಿಯಮಗಳು ಗುರುತಿಸುವ ವ್ಯಕ್ತಿಗಳು ಸೇರುವಾಗ, ಈ ಮಾತುಕತೆಯನ್ನು ವಿಡಿಯೊ ಮಾಡಿಕೊಳ್ಳಬೇಕು. ಕ್ಯಾಮೆರಾ ಕಂಡು ಗಾಬರಿಯಾಗಬೇಕಿಲ್ಲ. ನಿಮಗೆ ನಿಜವಾಗಿಯೂ ವಿವರಿಸಿದರೇ ಎಂಬುದಕ್ಕೆ ಅದು ಪುರಾವೆ. ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಗರ್ಭಕಂಠದ ಕ್ಯಾನ್ಸರ್ ತಡೆಯುವ ಲಸಿಕೆಯ ಅಧ್ಯಯನವೊಂದು ಆಗಿನ ಆಂಧ್ರಪ್ರದೇಶ ಮತ್ತು ಗುಜರಾತಿನಲ್ಲಿ ನಡೆಯುತ್ತಿದ್ದಾಗ, ಹುಡುಗಿಯರಿಗೆ ಲಸಿಕೆ ಹಾಕಲು ಒಪ್ಪಿಗೆ ಪಡೆದ ರೀತಿಯ ಬಗ್ಗೆ ದೊಡ್ಡ ವಿವಾದವೆದ್ದು 2010ರಲ್ಲಿ ಅದನ್ನು ನಿಲ್ಲಿಸಲಾಯಿತು. ಸ್ವಾಸ್ಥ್ಯ ಅಧಿಕಾರ್ ಮಂಚ್ ಎಂಬ ಸಂಘಟನೆ 2012ರಲ್ಲಿ ಟ್ರಯಲ್‌ಗಳ ನಿಯಂತ್ರಣ ಕೋರಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ವಿಡಿಯೊ ಒಪ್ಪಿಗೆ, ಪರಿಹಾರದ ನಿಯಮಗಳೆಲ್ಲ ಆ ವರ್ಷಗಳ ಒತ್ತಡದ ಫಲ.

ಸಹಿಗೆ ಮುನ್ನ ಕೇಳಲೇಬೇಕಾದ ಕೆಲವು ಪ್ರಶ್ನೆಗಳಿವೆ. ಟ್ರಯಲ್‌ಗೆ ಸೇರದಿದ್ದರೆ ನನಗೆ ಸಿಗುವ ಚಿಕಿತ್ಸೆ ಯಾವುದು, ಅದರಿಂದ ಏನನ್ನು ನಿರೀಕ್ಷಿಸಬಹುದು? ನನ್ನ ಬಯಾಪ್ಸಿಯ ತುಣುಕು, ರಕ್ತದ ಮಾದರಿ ಎಲ್ಲಿಗೆ ಹೋಗುತ್ತದೆ, ಮುಂದೆ ಬೇರೆ ಸಂಶೋಧನೆಗೂ ಬಳಸುತ್ತೀರಾ? ಇದಕ್ಕೆ ಪ್ರತ್ಯೇಕ ಒಪ್ಪಿಗೆ ಪಡೆಯುತ್ತಾರೆ, ಅದನ್ನು ಬೇಡವೆನ್ನಬಹುದು. ಚಿಕಿತ್ಸೆಯ ಅವಧಿಯಲ್ಲಿ ಗರ್ಭ ಧರಿಸಬಾರದು, ಗರ್ಭಕ್ಕೆ ಕಾರಣರೂ ಆಗಬಾರದು ಎಂಬ ಷರತ್ತು ಬಹುತೇಕ ಟ್ರಯಲ್‌ಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಇರುತ್ತದೆ. ಮುಂದೆ ಮಕ್ಕಳು ಬೇಕೆನ್ನುವ ಎಳೆಯ ವಯಸ್ಸಿನವರು ಅಂಡಾಣು ಅಥವಾ ವೀರ್ಯ ಸಂಗ್ರಹದ ಮಾತನ್ನು ಔಷಧ ಶುರುವಾಗುವ ಮೊದಲೇ, ಸಂಕೋಚ ಬಿಟ್ಟು, ಎತ್ತಬೇಕು. ಮಕ್ಕಳು ರೋಗಿಗಳಾದಾಗ ಒಪ್ಪಿಗೆ ಕೊಡುವವರು ತಂದೆ ತಾಯಿಯರೇ ಆದರೂ, ಏಳು ವರ್ಷ ದಾಟಿದ ಮಗುವಿಗೆ ತಿಳಿಯುವಂತೆ ಹೇಳಿ ಅದರ ಸಮ್ಮತಿಯನ್ನೂ ಪಡೆಯಬೇಕು.

ನಾಲ್ಕನೆಯ ಹೆಜ್ಜೆ: ಖರ್ಚಿನ ಲೆಕ್ಕ ಬರಹದಲ್ಲಿರಲಿ

"ಎಲ್ಲಾ ಫ್ರೀ" ಎಂಬ ಮಾತನ್ನು ನಂಬಿ ಕೂರಬೇಡಿ. ಕಂಪನಿ ನಡೆಸುವ ಟ್ರಯಲ್‌ನಲ್ಲಿ ಪರೀಕ್ಷೆಗೊಳಗಾದ ಔಷಧ ಮತ್ತು ಟ್ರಯಲ್‌ಗೆಂದೇ ಮಾಡುವ ತಪಾಸಣೆಗಳ ವೆಚ್ಚವನ್ನು ಸಾಮಾನ್ಯವಾಗಿ ಪ್ರಾಯೋಜಕರೇ ಭರಿಸುತ್ತಾರೆ. ಆದರೆ ಟ್ರಯಲ್ ಇಲ್ಲದಿದ್ದರೂ ನಿಮಗೆ ಆಗಲೇಬೇಕಿದ್ದ ಚಿಕಿತ್ಸೆಯ ಭಾಗ, ಉದಾಹರಣೆಗೆ ಹಳೆಯ ಕೀಮೋ, ಹಾಸಿಗೆ ಬಾಡಿಗೆ, ಮಾಮೂಲಿ ಸ್ಕ್ಯಾನ್, ಯಾರ ಲೆಕ್ಕಕ್ಕೆ ಬರುತ್ತದೆ ಎಂಬುದು ಟ್ರಯಲ್‌ನಿಂದ ಟ್ರಯಲ್‌ಗೆ ಬದಲಾಗುತ್ತದೆ. ಶೈಕ್ಷಣಿಕ ಟ್ರಯಲ್‌ನಲ್ಲಿ ಈ ಭಾಗ ರೋಗಿಯ ಮೇಲೇ ಬೀಳುವುದುಂಟು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಕಾರ್ಡಿನಲ್ಲಿ ಚಿಕಿತ್ಸೆ ಪಡೆಯುತ್ತಿರುವವರು, ಟ್ರಯಲ್‌ಗೆ ಸೇರಿದರೆ ಆ ಸೌಲಭ್ಯ ಹಾಗೆಯೇ ಮುಂದುವರಿಯುತ್ತದೆಯೇ ಎಂದು ಆಸ್ಪತ್ರೆಯ ಯೋಜನಾ ಕೌಂಟರಿನಲ್ಲಿ ಮೊದಲೇ ವಿಚಾರಿಸಬೇಕು. ಖಾಸಗಿ ವಿಮೆ ಇರುವವರು ಇನ್ನೂ ಎಚ್ಚರವಾಗಿರಬೇಕು. ಪರಿಣಾಮ ಸಾಬೀತಾಗದ ಚಿಕಿತ್ಸೆಗೆ ಹಣ ಕೊಡುವುದಿಲ್ಲ ಎಂಬ ಷರತ್ತು ಪಾಲಿಸಿಗಳಲ್ಲಿ ಸಾಮಾನ್ಯ.

ಪ್ರಯಾಣ ಭತ್ಯೆ ಮತ್ತು ಕೂಲಿ ನಷ್ಟಕ್ಕೆ ಎಷ್ಟು ಕೊಡುತ್ತಾರೆ, ಪ್ರತಿ ಭೇಟಿಗೋ ಕೊನೆಯಲ್ಲೋ, ನಗದೋ ಬ್ಯಾಂಕ್ ಖಾತೆಗೋ ಎಂಬುದನ್ನು ಕೇಳಿ. ಎಥಿಕ್ಸ್ ಕಮಿಟಿ ಒಪ್ಪಿದ ಮೊತ್ತ ಕೇಳಿ ಪಡೆಯುವುದಕ್ಕೆ ಮುಜುಗರ ಬೇಡ. ಇದಲ್ಲದೆ, ಚಿಕಿತ್ಸೆಗಾಗಿ ಪ್ರಯಾಣಿಸುವ ಕ್ಯಾನ್ಸರ್ ರೋಗಿಗೆ ರೈಲಿನ ಸ್ಲೀಪರ್ ಮತ್ತು ಎ.ಸಿ. ತ್ರೀ-ಟಯರ್‌ನಲ್ಲಿ ಪೂರ್ತಿ ರಿಯಾಯಿತಿ ಇದೆ, ಜೊತೆಯಲ್ಲಿ ಹೋಗುವ ಒಬ್ಬರಿಗೆ 75% ರಿಯಾಯಿತಿ ಇದೆ. ಅದಕ್ಕೆ ರೈಲ್ವೆಯ ನಿಗದಿತ ನಮೂನೆಯಲ್ಲಿ ಆಸ್ಪತ್ರೆಯ ಪ್ರಮಾಣಪತ್ರ ಬೇಕು.

ಐದನೆಯ ಹೆಜ್ಜೆ: ಅರ್ಹತೆಯ ತಪಾಸಣೆ

ಸಹಿ ಹಾಕಿದ ಮಾತ್ರಕ್ಕೆ ನೀವು ಟ್ರಯಲ್‌ನ ಒಳಗೆ ಬಂದಂತಲ್ಲ. ರಕ್ತಕಣಗಳ ಎಣಿಕೆ, ಯಕೃತ್ತು ಮತ್ತು ಮೂತ್ರಪಿಂಡದ ಪರೀಕ್ಷೆ, ಇಸಿಜಿ, ಕೆಲವೊಮ್ಮೆ ಎಕೋ, ಸಿಟಿ ಸ್ಕ್ಯಾನ್, ಹಾಗೂ ಗಡ್ಡೆಯಲ್ಲಿ ನಿರ್ದಿಷ್ಟ ಗುಣವಿದೆಯೇ ಎಂದು ನೋಡಲು ಹೊಸ ಬಯಾಪ್ಸಿ, ಇವೆಲ್ಲ ಆಗಬೇಕು. ದಿನನಿತ್ಯದ ಕೆಲಸವನ್ನು ನೀವೇ ಎಷ್ಟು ಮಾಡಿಕೊಳ್ಳುತ್ತೀರಿ ಎಂಬುದಕ್ಕೂ ಸೊನ್ನೆಯಿಂದ ಆರಂಭವಾಗುವ ಒಂದು ಅಂಕವಿದೆ. ಸೊನ್ನೆ ಎಂದರೆ ಮೊದಲಿನಂತೆಯೇ ಓಡಾಟ, ನಾಲ್ಕು ಎಂದರೆ ಪೂರ್ತಿ ಹಾಸಿಗೆ ಹಿಡಿದ ಸ್ಥಿತಿ. ಹೆಚ್ಚಿನ ಟ್ರಯಲ್‌ಗಳು ಸೊನ್ನೆ ಅಥವಾ ಒಂದನ್ನು, ಕೆಲವು ಎರಡನ್ನು ಒಪ್ಪುತ್ತವೆ. ಹಿಂದಿನ ಕೀಮೋ ಮುಗಿದು ಕೆಲವು ವಾರ ಕಳೆದಿರಬೇಕೆಂಬ ನಿಯಮವೂ ಇರಬಹುದು. ಅರ್ಹರಲ್ಲವೆಂದು ತಿಳಿದಾಗ ಮನೆಯವರು ಕುಸಿಯುವುದನ್ನು ಕಾಣುತ್ತೇವೆ. ಹಿಮೋಗ್ಲೋಬಿನ್ ಸ್ವಲ್ಪ ಕಡಿಮೆಯಿದ್ದದ್ದಕ್ಕೇ ಹೆಸರು ಬಿಟ್ಟುಹೋಗಿರಬಹುದು, ಅದನ್ನು ಸರಿಪಡಿಸಿಕೊಂಡು ಮತ್ತೆ ತಪಾಸಣೆಗೆ ಅವಕಾಶವಿದೆಯೇ ಎಂದು ಕೇಳಿ.

ಆರನೆಯ ಹೆಜ್ಜೆ: ಯಾವ ಗುಂಪು ಎಂಬುದು ಕಂಪ್ಯೂಟರಿನ ತೀರ್ಮಾನ

ಮೂರನೆಯ ಹಂತದ ಟ್ರಯಲ್‌ಗಳಲ್ಲಿ ನಾಣ್ಯ ಚಿಮ್ಮಿದಂತೆ, ಯಾರ ಕೈವಾಡವೂ ಇಲ್ಲದೆ, ರೋಗಿಗಳನ್ನು ಗುಂಪುಗಳಿಗೆ ಹಂಚುತ್ತಾರೆ. ಪರಿಚಯ, ಶಿಫಾರಸು ಇಲ್ಲಿ ನಡೆಯುವುದಿಲ್ಲ. ವೈದ್ಯರು ತಮಗೆ ತೋಚಿದಂತೆ ಗಟ್ಟಿಮುಟ್ಟಾದವರನ್ನೇ ಹೊಸ ಔಷಧದ ಗುಂಪಿಗೆ ಹಾಕಿದರೆ, ಕೊನೆಗೆ ಗೆದ್ದದ್ದು ಔಷಧವೋ ರೋಗಿಯ ದೇಹಬಲವೋ ಎಂದು ಹೇಳಲು ಬರುವುದಿಲ್ಲ. ಕೆಲವು ಟ್ರಯಲ್‌ಗಳಲ್ಲಿ ನೀವು ಯಾವ ಗುಂಪಿನವರೆಂಬುದು ನಿಮಗೂ ವೈದ್ಯರಿಗೂ ತಿಳಿದಿರುವುದಿಲ್ಲ. ತುರ್ತು ಸಂದರ್ಭದಲ್ಲಿ ಅದನ್ನು ತೆರೆದು ನೋಡುವ ವ್ಯವಸ್ಥೆ ಇರುತ್ತದೆ. ಪೊಳ್ಳು ಮಾತ್ರೆಯ (ಪ್ಲಸೀಬೊ, ಅಂದರೆ ನೋಡಲು ಔಷಧದಂತಿದ್ದು ಒಳಗೆ ಔಷಧವಿಲ್ಲದ್ದು) ಬಗ್ಗೆ ಜನರಲ್ಲಿ ಬಹಳ ಆತಂಕವಿದೆ. ಒಳ್ಳೆಯ ಚಿಕಿತ್ಸೆ ಲಭ್ಯವಿರುವಾಗ ಕ್ಯಾನ್ಸರ್ ರೋಗಿಗೆ ಬರೀ ಪೊಳ್ಳು ಮಾತ್ರೆ ಕೊಟ್ಟು ಕೂರಿಸುವುದು ನೀತಿಬಾಹಿರ. ಸಾಮಾನ್ಯವಾಗಿ ಎರಡೂ ಗುಂಪಿಗೆ ಈಗಿರುವ ಚಿಕಿತ್ಸೆ ಸಿಕ್ಕೇ ಸಿಗುತ್ತದೆ, ಅದರ ಮೇಲೆ ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಪೊಳ್ಳು ಔಷಧ ಸೇರುತ್ತದೆ. ಹಳೆಯ ಚಿಕಿತ್ಸೆಯ ಗುಂಪು ಸಿಕ್ಕವರು ಸೋತವರಲ್ಲ. ಹೊಸದು ಹಳೆಯದಕ್ಕಿಂತ ಕಳಪೆಯೆಂದು ಸಾಬೀತಾದ ಟ್ರಯಲ್‌ಗಳೂ ಇವೆ.

ಏಳನೆಯ ಹೆಜ್ಜೆ: ಆಸ್ಪತ್ರೆಯ ದಿನಗಳು, ಮನೆಯ ದಿನಗಳು

ಮೊದಲ ಸಲ ಔಷಧ ಕೊಡುವ ದಿನ ಬೆಳಗ್ಗೆಯಿಂದ ಸಂಜೆಯವರೆಗೆ ಆಸ್ಪತ್ರೆಯಲ್ಲಿರಲು ಸಿದ್ಧರಾಗಿ ಬನ್ನಿ. ಔಷಧ ರಕ್ತದಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂದು ತಿಳಿಯುವ ಟ್ರಯಲ್ ಆದರೆ, ಡ್ರಿಪ್‌ಗೆ ಮುನ್ನ ಒಮ್ಮೆ, ಮುಗಿದೊಡನೆ ಒಮ್ಮೆ, ಆಮೇಲೆ ಗಂಟೆಗಳ ಅಂತರದಲ್ಲಿ ರಕ್ತ ತೆಗೆಯುತ್ತಾರೆ. ಪದೇಪದೇ ಚುಚ್ಚುವ ಬದಲು ಒಂದು ಕೈಗೆ ಕ್ಯಾನುಲಾ (ರಕ್ತನಾಳದಲ್ಲಿ ಉಳಿಯುವ ಸಣ್ಣ ಕೊಳವೆ) ಹಾಕಿಡಲು ಕೇಳಬಹುದು. ಮನೆಗೆ ಮಾತ್ರೆ ಕೊಟ್ಟರೆ ಅದರೊಂದಿಗೆ ಒಂದು ಡೈರಿಯೂ ಬರುತ್ತದೆ: ದಿನಾಂಕ, ನುಂಗಿದ ಹೊತ್ತು, ಊಟದ ಮೊದಲೋ ನಂತರವೋ, ವಾಂತಿಯಾಯಿತೇ. ತಪ್ಪಿಹೋದ ಗುಳಿಗೆಯನ್ನು ತಪ್ಪಿತೆಂದೇ ಬರೆಯಿರಿ, ಬೈಯುತ್ತಾರೆಂದು ಹೆದರಿ ತೆಗೆದುಕೊಂಡೆನೆಂದು ಗುರುತು ಹಾಕಬೇಡಿ. ಉಳಿದ ಮಾತ್ರೆ ಮತ್ತು ಖಾಲಿ ಹಾಳೆಯನ್ನು ಎಣಿಸಿ ನೋಡುವುದು ನಿಮ್ಮ ಮೇಲಿನ ಅನುಮಾನದಿಂದಲ್ಲ. ನಿಜವಾಗಿ ದೇಹ ಸೇರಿದ ಔಷಧದ ಲೆಕ್ಕ ತಪ್ಪಿದರೆ ಪ್ರಮಾಣದ ತೀರ್ಮಾನವೇ ತಪ್ಪಾಗುತ್ತದೆ.

ಕಷಾಯ, ಭಸ್ಮ, ನಾಟಿ ಔಷಧಿ ಏನೇ ತೆಗೆದುಕೊಳ್ಳುತ್ತಿದ್ದರೂ ಸಂಯೋಜಕರಿಗೆ ಹೇಳಿ. ಹಣ್ಣಿನ ಬಗ್ಗೆಯೂ ಕೇಳಿ: ಅನೇಕ ಕ್ಯಾನ್ಸರ್ ಮಾತ್ರೆಗಳ ಜೊತೆ ಗ್ರೇಪ್‌ಫ್ರೂಟ್ ಮತ್ತು ಅದೇ ಬಳಗದ ಚಕ್ಕೋತವನ್ನು ತಿನ್ನಬಾರದೆನ್ನುತ್ತಾರೆ, ಏಕೆಂದರೆ ಅವು ಕರುಳಿನಲ್ಲಿ ಔಷಧವನ್ನು ಒಡೆಯುವ ಕಿಣ್ವವನ್ನು ತಡೆದು ರಕ್ತದಲ್ಲಿ ಔಷಧದ ಮಟ್ಟವನ್ನು ಏರಿಸುತ್ತವೆ. ಚಕ್ಕೋತಕ್ಕೆ ಹೆಸರಾದ ದೇವನಹಳ್ಳಿ ಕಡೆಯವರು ಇದನ್ನು ವಿಶೇಷವಾಗಿ ನೆನಪಿಡಬೇಕು.

ಟ್ರಯಲ್ ತಂಡ ಒಂದು ಕಾರ್ಡ್ ಕೊಡುತ್ತದೆ. ಟ್ರಯಲ್‌ನ ಹೆಸರು, ಇಪ್ಪತ್ನಾಲ್ಕು ಗಂಟೆಯೂ ಸಿಗುವ ದೂರವಾಣಿ ಸಂಖ್ಯೆ ಅದರಲ್ಲಿರುತ್ತದೆ. ಅದು ಸದಾ ಜೇಬಿನಲ್ಲಿರಲಿ, ಫೋಟೊ ತೆಗೆದು ಮನೆಯ ಎಲ್ಲರ ಮೊಬೈಲಿನಲ್ಲೂ ಇಡಿ. ಕೀಮೋ ನಡೆಯುವಾಗ ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗುವವರೆಗೆ ಕಾಯದೆ ಆ ಸಂಖ್ಯೆಗೆ ಕರೆ ಮಾಡಿ. ರೋಗನಿರೋಧಕ ಶಕ್ತಿಯನ್ನು ಕೆರಳಿಸುವ ಇಮ್ಯುನೋಥೆರಪಿಯಲ್ಲಿ ಭೇದಿ ಶುರುವಾದರೆ ಅದು ಬರೀ ಊಟದ ದೋಷವೆಂದುಕೊಂಡು ಸುಮ್ಮನಿರಬೇಡಿ. ದೇಹದ ರಕ್ಷಣಾ ಕೋಶಗಳೇ ಕರುಳಿನ ಮೇಲೆ ಎರಗಿರಬಹುದು, ಅದಕ್ಕೆ ಸ್ಟೆರಾಯ್ಡ್ ಬೇಕಾಗಬಹುದು. ಊರಿನ ಕ್ಲಿನಿಕ್‌ಗೆ ಹೋಗಬೇಕಾಗಿ ಬಂದರೂ ಸೂಜಿ ಹಾಕಿಸಿಕೊಳ್ಳುವ ಮೊದಲು ಆ ಕಾರ್ಡನ್ನು ವೈದ್ಯರಿಗೆ ತೋರಿಸಿ, ಅವರನ್ನೂ ಟ್ರಯಲ್ ವೈದ್ಯರನ್ನೂ ಫೋನಿನಲ್ಲಿ ಮಾತನಾಡಿಸಿ.

ಆರರಿಂದ ಹನ್ನೆರಡು ವಾರಗಳಿಗೊಮ್ಮೆ ಸ್ಕ್ಯಾನ್ ಮಾಡಿ ಗಡ್ಡೆ ಅಳೆಯುವುದು ವಾಡಿಕೆ. ಅಳೆಯಲು ಆರಿಸಿಕೊಂಡ ಗಡ್ಡೆಗಳ ಒಟ್ಟು ಅಳತೆ 30% ಕುಗ್ಗಿದರೆ ಭಾಗಶಃ ಗುಣ ಎಂದೂ, ಅತಿ ಚಿಕ್ಕದಾಗಿದ್ದ ಅಳತೆಗಿಂತ 20% ಹಿಗ್ಗಿದರೆ ರೋಗ ಮುಂದುವರಿದಿದೆ ಎಂದೂ ಲೆಕ್ಕ. ನಡುವೆ ಇದ್ದರೆ ಸ್ಥಿರ. ವರದಿಯಲ್ಲಿ ಒಂದೆರಡು ಮಿಲಿಮೀಟರ್ ಹೆಚ್ಚಿದ್ದು ಕಂಡು ಮನೆಯವರು ಕಂಗಾಲಾಗುವ ಮುನ್ನ ಈ ಲೆಕ್ಕವನ್ನು ವೈದ್ಯರಿಂದ ಕೇಳಿ ತಿಳಿಯುವುದು ಒಳ್ಳೆಯದು.

ಎಂಟನೆಯ ಹೆಜ್ಜೆ: ತೊಂದರೆಯಾದರೆ

ಟ್ರಯಲ್ ಅವಧಿಯಲ್ಲಿ ಆಸ್ಪತ್ರೆಗೆ ದಾಖಲಾಗುವಂಥ ಗಂಭೀರ ತೊಂದರೆಯಾದರೆ, ಸಂಶೋಧಕರು 24 ಗಂಟೆಯೊಳಗೆ ಔಷಧ ನಿಯಂತ್ರಕರಿಗೆ, ಪ್ರಾಯೋಜಕರಿಗೆ ಮತ್ತು ಎಥಿಕ್ಸ್ ಕಮಿಟಿಗೆ ತಿಳಿಸಬೇಕು. ಹಾಗಾಗಿ ಬೇರೆ ಆಸ್ಪತ್ರೆಗೆ ಸೇರಿದರೂ ತಂಡಕ್ಕೆ ಕೂಡಲೇ ಸುದ್ದಿ ಮುಟ್ಟಿಸಿ, ಬಿಲ್ಲು ಮತ್ತು ಡಿಸ್ಚಾರ್ಜ್ ಸಾರಾಂಶ ಜೋಪಾನ ಮಾಡಿ. ಹಾನಿಯ ಚಿಕಿತ್ಸೆ ಉಚಿತ. ಅಗತ್ಯವಿರುವಷ್ಟು ಕಾಲ, ಅಥವಾ ಹಾನಿಗೂ ಟ್ರಯಲ್‌ಗೂ ಸಂಬಂಧವಿಲ್ಲವೆಂದು ತೀರ್ಮಾನವಾಗುವವರೆಗೆ, ಯಾವುದು ಮೊದಲೋ ಅಲ್ಲಿಯವರೆಗೆ.

ಸಾವು ಟ್ರಯಲ್‌ನಿಂದಲೇ ಸಂಭವಿಸಿತೆಂದಾದರೆ ಪರಿಹಾರಕ್ಕೆ ಸೂತ್ರವಿದೆ. ಮೂಲ ಮೊತ್ತ 8 ಲಕ್ಷ ರೂಪಾಯಿ. ಅದಕ್ಕೆ ವಯಸ್ಸು ಮತ್ತು ಕಾಯಿಲೆಯ ತೀವ್ರತೆಯ ಅಂಶಗಳು ಸೇರುತ್ತವೆ. ವಯಸ್ಸು 65 ದಾಟಿದ, ಆರರಿಂದ 24 ತಿಂಗಳು ಬದುಕುವ ಅಂದಾಜಿದ್ದ ರೋಗಿಗೆ 8 ಲಕ್ಷವೇ ಬರುತ್ತದೆ. ಬದುಕುವ ಅಂದಾಜು ಆರು ತಿಂಗಳೊಳಗಿದ್ದರೆ ಅದರ ಅರ್ಧ. ವಯಸ್ಸು ಚಿಕ್ಕದಾದಷ್ಟೂ ಮೊತ್ತ ಏರುತ್ತದೆ. ಕಾಯಿಲೆ ಉಲ್ಬಣಿಸಿದವರ ಜೀವಕ್ಕೆ ಸೂತ್ರದಲ್ಲಿ ಬೆಲೆ ಕಡಿಮೆಯಾಗುವುದು ಕಟುವಾಗಿ ಕಾಣುತ್ತದೆ, ನನಗೂ ಅದು ಒಪ್ಪಿಗೆಯಿಲ್ಲ. ಆದರೆ ಈಗಿನ ನಿಯಮ ಇದೇ. ಕಾಯಿಲೆ ತನ್ನಷ್ಟಕ್ಕೆ ಉಲ್ಬಣಿಸಿ ಬಂದ ಸಾವಿಗೆ ಪರಿಹಾರವಿಲ್ಲ. ಔಷಧದ ದುಷ್ಪರಿಣಾಮ, ಟ್ರಯಲ್‌ನ ತಪಾಸಣೆಯಿಂದಾದ ಹಾನಿ, ಸಂಶೋಧಕರ ನಿರ್ಲಕ್ಷ್ಯ, ಲಭ್ಯವಿದ್ದ ಚಿಕಿತ್ಸೆಯನ್ನು ಕೊಡದೇ ಇದ್ದದ್ದು ಮುಂತಾದವು ಕಾರಣವಾಗಿರಬೇಕು. ಶೈಕ್ಷಣಿಕ ಟ್ರಯಲ್‌ಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ನೈತಿಕ ಮಾರ್ಗಸೂಚಿ ಅನ್ವಯಿಸುತ್ತದೆ. ಅಲ್ಲಿ ಪರಿಹಾರ ಯಾರು, ಯಾವ ನಿಧಿಯಿಂದ ಕೊಡುತ್ತಾರೆ ಎಂಬುದನ್ನು ಮಾಹಿತಿ ಪತ್ರದಲ್ಲೇ ಹುಡುಕಿ.

ಒಂಬತ್ತನೆಯ ಹೆಜ್ಜೆ: ಹೊರಬರುವುದು, ಮುಗಿದ ಮೇಲಿನದು

ಟ್ರಯಲ್ ಬೇಡವೆನಿಸಿದರೆ ಹೇಳಿ ಹೊರಬನ್ನಿ. ಅದೇ ಆಸ್ಪತ್ರೆಯಲ್ಲಿ ನಿಮ್ಮ ಮಾಮೂಲಿ ಚಿಕಿತ್ಸೆಗೆ ಅದರಿಂದ ಕುಂದು ಬರಕೂಡದು. ಆದರೆ ಹೇಳದೆ ಕೇಳದೆ ಬರುವುದನ್ನು ನಿಲ್ಲಿಸಬೇಡಿ, ಏಕೆಂದರೆ ಕೆಲವು ಔಷಧಗಳನ್ನು ಒಮ್ಮೆಲೇ ಬಿಡಬಾರದು, ಕೆಲವುದರ ದುಷ್ಪರಿಣಾಮ ತಿಂಗಳುಗಳ ನಂತರ ತಲೆದೋರುತ್ತದೆ. ಅಲ್ಲಿಯವರೆಗೆ ಸಂಗ್ರಹವಾದ ಮಾಹಿತಿ ಅಧ್ಯಯನದಲ್ಲಿ ಉಳಿಯುತ್ತದೆ. ಪ್ರಾಯೋಜಕರು ಅಥವಾ ವೈದ್ಯರೇ ನಿಮ್ಮನ್ನು ಹೊರತರುವುದೂ ಇದೆ: ರೋಗ ಮುಂದುವರಿದಾಗ, ಅಡ್ಡಪರಿಣಾಮ ಮಿತಿಮೀರಿದಾಗ, ಅಥವಾ ಇಡೀ ಟ್ರಯಲ್ ನಿಂತಾಗ.

ಔಷಧ ನಿಂತರೂ ಕೆಲವು ವರ್ಷ ಫೋನ್ ಮಾಡಿ ವಿಚಾರಿಸುತ್ತಾರೆ. ಸಂಖ್ಯೆ ಬದಲಾದರೆ ತಿಳಿಸಿ. ಔಷಧದಿಂದ ನಿಮಗೆ ಲಾಭವಾಗಿದ್ದು, ನಿಮ್ಮ ಕಾಯಿಲೆಗೆ ಬೇರೆ ಚಿಕಿತ್ಸೆ ಇಲ್ಲದಿದ್ದರೆ, ಟ್ರಯಲ್ ಮುಗಿದ ನಂತರವೂ ಅದನ್ನು ಪ್ರಾಯೋಜಕರು ಉಚಿತವಾಗಿ ಕೊಡಲು 2019ರ ನಿಯಮಗಳಲ್ಲಿ ಅವಕಾಶವಿದೆ. ಅದಕ್ಕೆ ಸಂಶೋಧಕರ ಶಿಫಾರಸು, ಎಥಿಕ್ಸ್ ಕಮಿಟಿಯ ಒಪ್ಪಿಗೆ, ನಿಮ್ಮ ಲಿಖಿತ ಸಮ್ಮತಿ ಮೂರೂ ಬೇಕು; ಆ ಅವಧಿಯ ಹಾನಿಗೆ ಪ್ರಾಯೋಜಕರು ಹೊಣೆಯಲ್ಲ ಎಂದೂ ಬರೆದುಕೊಡಬೇಕಾಗುತ್ತದೆ. ಕೊನೆಯ ಭೇಟಿಗೆ ಎರಡು ತಿಂಗಳು ಮುಂಚೆಯೇ ಈ ಮಾತು ಎತ್ತಿದರೆ ಕಾಗದಪತ್ರಕ್ಕೆ ಸಮಯ ಸಿಗುತ್ತದೆ. ಅದೇ ಭೇಟಿಯಲ್ಲಿ ಎಲ್ಲ ಸ್ಕ್ಯಾನ್‌ಗಳ ಸಿ.ಡಿ., ವರದಿಗಳು, ಪಡೆದ ಔಷಧದ ಹೆಸರು ಮತ್ತು ಪ್ರಮಾಣವಿರುವ ಸಾರಾಂಶವನ್ನು ಬರಹದಲ್ಲಿ ಪಡೆದುಕೊಳ್ಳಿ. ಗುಂಪಿನ ಗುಟ್ಟು ಇನ್ನೂ ತೆರೆದಿಲ್ಲದಿದ್ದರೆ, ತೆರೆದಾಗ ತಿಳಿಸಬೇಕೆಂದು ನಿಮ್ಮ ಹೆಸರು ಮತ್ತು ಸಂಖ್ಯೆ ಬರೆಸಿ ಬನ್ನಿ.